ಮುತ್ತಜ್ಜನ ಪಬ್ ಡೈರೆಕ್ಟರಿಯಲ್ಲಿ ಸಿಗುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹೀಗೆ ಹುಡುಕಿ

ದೂರು ಯಾವಾಗಲೂ ಒಂದೇ ಥರ ಇರುತ್ತದೆ. "ನಮ್ಮ ಮುತ್ತಜ್ಜ ಮೂವತ್ತು ವರ್ಷ ಪಬ್ ನಡೆಸಿದ್ದ. ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಹಳೇ ಡೈರೆಕ್ಟರಿಗಳಲ್ಲಿ ಅವನ ಹೆಸರೇ ಇಲ್ಲ."

ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಪಕ್ಕದ ಮನೆಯ ಅಜ್ಜ ಈ ದೂರು ಹೊತ್ತು ನಮ್ಮ ಮನೆಗೆ ಬಂದಾಗ, ಡೈರೆಕ್ಟರಿ ಅಂದರೆ ನನಗೆ ಗೊತ್ತಿದ್ದದ್ದು ಟೆಲಿಫೋನ್ ಡೈರೆಕ್ಟರಿ ಮಾತ್ರ. ಅವರು ಹೇಳುತ್ತಿದ್ದದ್ದು ಊರೂರಿನ ವ್ಯಾಪಾರಿಗಳನ್ನು ಪಟ್ಟಿ ಮಾಡಿದ ಹಳೇ ಪುಸ್ತಕ. ಕಂಪ್ಯೂಟರ್ ಕೆಲಸದವನು ಅಂತ ನನ್ನ ಹತ್ತಿರ ಬಂದಿದ್ದರು, ಅಷ್ಟೇ. ಆಮೇಲೆ ಎರಡು ಚಳಿಗಾಲ ಇದರಲ್ಲೇ ಕಳೆಯಿತು. ಇಲ್ಲೇ ಮದುವೆಯಾಗಿ ಸೊಸೆಯ ಕಡೆಯ, ಅಳಿಯನ ಕಡೆಯ ವಂಶ ಹುಡುಕುವ ಕನ್ನಡದವರು ಈಗ ಜಾಸ್ತಿಯಾಗಿದ್ದಾರೆ. ಅವರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ನೋಡಿದ ಮಟ್ಟಿಗೆ ಪುಸ್ತಕ ತಪ್ಪಾಗಿರುವುದು ಕಡಿಮೆ, ನಾವು ಹುಡುಕುವ ರೀತಿ ತಪ್ಪಾಗಿರುವುದೇ ಹೆಚ್ಚು. ನಾವು ಮನುಷ್ಯನ ಹಿಂದೆ ಓಡುತ್ತೇವೆ. ಮನುಷ್ಯ ಊರು ಬಿಡುತ್ತಾನೆ, ಸಾಯುತ್ತಾನೆ, ಅವನ ಹೆಸರಿನ ಸ್ಪೆಲಿಂಗ್ ಬದಲಾಗುತ್ತದೆ. ಕಟ್ಟಡ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಮುತ್ತಜ್ಜನನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಅವನಿದ್ದ ಮನೆಯನ್ನು ಹಿಡಿದುಕೊಳ್ಳಿ.

ಮೊದಲು ಪೆಟ್ರೋಲ್ ಇದೆಯಾ ನೋಡಿ

ಗಾಡಿ ಸ್ಟಾರ್ಟ್ ಆಗದಿದ್ದರೆ ಯಾರೂ ಮೊದಲೇ ಎಂಜಿನ್ ಬಿಚ್ಚುವುದಿಲ್ಲ, ಅಲ್ವಾ? ಇಲ್ಲೂ ಹಾಗೆಯೇ. ಯಾವ ಪುಸ್ತಕ, ಯಾವ ವರ್ಷದ್ದು, ಯಾವ ಶೀರ್ಷಿಕೆಯ ಕೆಳಗೆ ನೋಡಿದಿರಿ? ಈ ಮೂರನ್ನು ಒಂದು ಹಾಳೆಯಲ್ಲಿ ಬರೆಯಿರಿ. "ಎಲ್ಲಾ ನೋಡಿದ್ದೇನೆ" ಎನ್ನುವವರು ಸಾಮಾನ್ಯವಾಗಿ ಒಂದೇ ಪುಸ್ತಕವನ್ನು ನಾಲ್ಕು ಸಲ ನೋಡಿರುತ್ತಾರೆ. ಪಕ್ಕದ ಮನೆಯ ಅಜ್ಜ ಮಾಡಿದ್ದೂ ಅದನ್ನೇ.

ವ್ಯಾಪಾರಿಗಳ ಡೈರೆಕ್ಟರಿ ಅಂದರೆ ಒಂದು ಊರಲ್ಲಿ ಯಾರು ಏನು ಕಸುಬು ಮಾಡುತ್ತಾರೆ ಎಂಬ ಪಟ್ಟಿ. ಮಾರಾಟಕ್ಕೆಂದು ಖಾಸಗಿಯವರು ಅಚ್ಚು ಹಾಕಿಸುತ್ತಿದ್ದ ಪುಸ್ತಕ. ಮ್ಯಾಂಚೆಸ್ಟರ್‌ನ ಪಿಗಟ್ ಕಂಪನಿಯವು 1820ರ ದಶಕದಿಂದ 1840ರ ದಶಕದವರೆಗೆ ಸಿಗುತ್ತವೆ. ಅವರ ಕೆಲಸವನ್ನು ಆಮೇಲೆ ಸ್ಲೇಟರ್ ಎಂಬಾತ ಮುಂದುವರಿಸಿದ. ಶೆಫೀಲ್ಡ್‌ನಿಂದ ವೈಟ್ ಎಂಬಾತ ಹೊರತರುತ್ತಿದ್ದ ಪುಸ್ತಕಗಳಲ್ಲಿ ಊರಿನ ಚರಿತ್ರೆಯೂ ಚೆನ್ನಾಗಿರುತ್ತದೆ. ಎಲ್ಲಕ್ಕಿಂತ ದೊಡ್ಡ ಹೆಸರು ಕೆಲ್ಲಿ. ಲಂಡನ್ನಿನ ಪೋಸ್ಟ್ ಆಫೀಸ್ ಡೈರೆಕ್ಟರಿ ಇವರದೇ. 1840ರ ದಶಕದಿಂದ ಕೌಂಟಿ ಕೌಂಟಿಗೂ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಬೇರೆ ಬೇರೆ ಪುಸ್ತಕ ತಂದರು.

ಇವನ್ನು ನೋಡಲು ದುಡ್ಡು ಕೊಡಬೇಕಾಗಿಲ್ಲ. ಲೆಸ್ಟರ್ ವಿಶ್ವವಿದ್ಯಾಲಯ ಇಂಗ್ಲೆಂಡ್ ಮತ್ತು ವೇಲ್ಸ್‌ನ ಡೈರೆಕ್ಟರಿಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. 1760ರ ದಶಕದಿಂದ 1910ರ ದಶಕದವರೆಗಿನವು ಅಲ್ಲಿವೆ. ಲಂಡನ್ನಿಗೆ ಹೋಗುವವರು ಗಿಲ್ಡ್‌ಹಾಲ್ ಲೈಬ್ರರಿಯಲ್ಲಿ ಮೂಲ ಪುಸ್ತಕಗಳನ್ನೇ ನೋಡಬಹುದು.

ಇನ್ನು ವರ್ಷ. ಪುಸ್ತಕದ ಮೇಲಿರುವ ವರ್ಷ ಒಂದು, ಒಳಗಿನ ಸುದ್ದಿಯ ವರ್ಷ ಇನ್ನೊಂದು. ಮಾಹಿತಿ ಕಲೆಹಾಕಿ, ಅಚ್ಚು ಮೊಳೆ ಜೋಡಿಸಿ, ಮುದ್ರಿಸಿ ತರುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತಿದ್ದವು. 1882 ಎಂದು ಬರೆದ ಪುಸ್ತಕದಲ್ಲಿ ಇರುವುದು 1881ರ ಸ್ಥಿತಿ ಎಂದುಕೊಳ್ಳಿ. ಮೇಲಾಗಿ ಕೌಂಟಿ ಪುಸ್ತಕಗಳು ಪ್ರತಿ ವರ್ಷ ಬರುತ್ತಿರಲಿಲ್ಲ, ನಡುವೆ ನಾಲ್ಕೈದು ವರ್ಷ, ಕೆಲವು ಸಲ ಅದಕ್ಕೂ ಹೆಚ್ಚು ಖಾಲಿ ಇರುತ್ತಿತ್ತು. ಮುತ್ತಜ್ಜ ಎರಡೇ ವರ್ಷ ಪಬ್ ನಡೆಸಿ ಕೈಬಿಟ್ಟಿದ್ದರೆ ಎರಡು ಪುಸ್ತಕಗಳ ನಡುವಿನ ಸಂದಿಯಲ್ಲಿ ಜಾರಿಹೋಗಿರುತ್ತಾನೆ. ಆಗ ಡೈರೆಕ್ಟರಿಯನ್ನು ಎಷ್ಟು ಜಾಲಾಡಿದರೂ ಅಷ್ಟೇ.

ಲಕ್ಷಣ: ಹೆಸರು ಟೈಪ್ ಮಾಡಿದರೆ ಏನೂ ಬರುವುದಿಲ್ಲ

ಸ್ಕ್ಯಾನ್ ಮಾಡಿದ ಪುಟವನ್ನು ಓದುವುದು ಯಂತ್ರ. ಆ ಪುಟದಲ್ಲಿ ಸಾಸಿವೆ ಕಾಳಿನಂಥ ಅಕ್ಷರ, ಎರಡು ಮೂರು ಕಾಲಂ, ಅಲ್ಲಲ್ಲಿ ಮಸಿ ಹರಡಿದ ಕಲೆ. ಯಂತ್ರ ಎಡವದಿದ್ದರೇ ಆಶ್ಚರ್ಯ. ಹದಿನೆಂಟನೇ ಶತಮಾನದ ಪುಸ್ತಕವಾದರೆ ಇನ್ನೊಂದು ತೊಡಕಿದೆ. ಆಗ 'ಎಸ್' ಅಕ್ಷರವನ್ನು ಉದ್ದಕ್ಕೆ ಎಳೆದು ಬರೆಯುತ್ತಿದ್ದರು. ಯಂತ್ರ ಅದನ್ನು 'ಎಫ್' ಎಂದು ಓದಿಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಹೆಸರಿನ ಚುಟುಕು. ಜಾಗ ಉಳಿಸಲು ಥಾಮಸ್‌ಗೆ ಟಿ-ಎಚ್-ಓ-ಎಸ್, ವಿಲಿಯಂಗೆ ಡಬ್ಲ್ಯೂ-ಎಂ, ಜೇಮ್ಸ್‌ಗೆ ಜೆ-ಎ-ಎಸ್ ಎಂದು ಹಾಕುತ್ತಿದ್ದರು. ಜೆ-ಎನ್-ಓ ಎಂದಿದ್ದರೆ ಜಾನ್. ನಾನು ಅದನ್ನು ಮೊದಲ ಸಲ ನೋಡಿದಾಗ ಯಾವುದೋ ಊರಿನ ಹೆಸರು ಅಂದುಕೊಂಡಿದ್ದೆ! ಸರ್‌ನೇಮ್ ಬೇರೆ ಮೊದಲು ಬರುತ್ತದೆ. ಪೂರ್ತಿ ಹೆಸರನ್ನು ನಮಗೆ ಬೇಕಾದ ಕ್ರಮದಲ್ಲಿ ಹಾಕಿ ಹುಡುಕಿದರೆ ಎಲ್ಲಿಂದ ಸಿಗಬೇಕು?

ಮಾಡಬೇಕಾದ್ದು ಇಷ್ಟೇ. ಹೆಸರು ಟೈಪ್ ಮಾಡುವುದನ್ನು ನಿಲ್ಲಿಸಿ. ಊರಿನ ಪುಟಕ್ಕೆ ಹೋಗಿ, ಕಣ್ಣಲ್ಲೇ ಓದಿ. ಸಾಧಾರಣ ಹಳ್ಳಿಗೆ ಕೆಲ್ಲಿ ಕೊಡುವುದು ಅರ್ಧ ಪುಟ, ಹೆಚ್ಚೆಂದರೆ ಒಂದು. ಐದು ನಿಮಿಷದ ಕೆಲಸ. ಮೇಲೆ ಚರ್ಚು, ಶಾಲೆ, ಅಂಚೆ ಯಾವ ಹೊತ್ತಿಗೆ ಬರುತ್ತದೆ ಎಂಬ ವಿವರ. ಕೆಳಗೆ ಜನ. ಅನುಕೂಲಸ್ಥರ ಹೆಸರು ಬೇರೆ, ವ್ಯಾಪಾರಸ್ಥರ ಹೆಸರು ಬೇರೆ. ಪಬ್ ಇರುವುದು ಎರಡನೆಯದರಲ್ಲಿ. ಹೆಸರಿನ ಮುಂದೆ ಪಬ್‌ನ ಹೆಸರು, ಅದರ ಮುಂದೆ 'ಪಿ.ಎಚ್.' ಎಂಬ ಎರಡಕ್ಷರ. ಪಬ್ಲಿಕ್ ಹೌಸ್ ಎಂದು ಅರ್ಥ.

ಹಳ್ಳಿಯೇ ಪುಸ್ತಕದಲ್ಲಿ ಇಲ್ಲ ಎಂದರೂ ಗಾಬರಿ ಬೇಡ. ಪಿಗಟ್ ಕಾಲದಲ್ಲಿ ಸುತ್ತಲಿನ ಹಳ್ಳಿಗಳನ್ನು ಸಂತೆ ಊರಿನ ಕೆಳಗೇ ಸೇರಿಸುತ್ತಿದ್ದರು. ಆ ಊರಿನ ಪಟ್ಟಿಯಲ್ಲಿ ತಂಗಲು ಕೋಣೆಯೂ ಇರುವ ಇನ್‌ಗಳಿಗೆ ಒಂದು ಶೀರ್ಷಿಕೆ, ಹೆಂಡದಂಗಡಿಗಳಾದ ಟ್ಯಾವರ್ನ್ ಮತ್ತು ಪಬ್ಲಿಕ್ ಹೌಸ್‌ಗಳಿಗೆ ಒಂದು, ಬಿಯರ್ ಚಿಲ್ಲರೆ ಮಾರುವವರಿಗೆ ಇನ್ನೊಂದು. ಮೂರನ್ನೂ ನೋಡಬೇಕು. ಹಳ್ಳಿ ಕೌಂಟಿಯ ಗಡಿಯಲ್ಲಿದ್ದರೆ ಪಕ್ಕದ ಕೌಂಟಿಯ ಪುಸ್ತಕವನ್ನೂ ತೆರೆಯಿರಿ.

ಲಕ್ಷಣ: ಮನುಷ್ಯ ಸಿಕ್ಕಿದ, ಪಬ್ ಇಲ್ಲ

ನಮ್ಮ ಅಜ್ಜನ ಕೇಸು ಇದೇ ಆಗಿತ್ತು. ಹೆಚ್ಚು ಜನ ಸಿಕ್ಕಿಬೀಳುವುದೂ ಇಲ್ಲೇ.

ಊರು ನಾರ್ತಾಂಪ್ಟನ್‌ಶೈರ್‌ನ ಒಂದು ಹಳ್ಳಿ. 1860ರ ದಶಕದ ಕೊನೆಯ ಪುಸ್ತಕ ತೆಗೆದೆವು. ಹೆಸರು ಸಿಕ್ಕಿತು, ಸ್ಪೆಲಿಂಗ್ ಕೂಡ ಸರಿಯಾಗಿತ್ತು. ಮುಂದೆ ಬರೆದಿದ್ದ ಕಸುಬು ಮಾತ್ರ ಬೂಟು ಹೊಲಿಯುವುದು! ಅಜ್ಜನ ಮುಖ ಸಪ್ಪಗಾಯಿತು. "ಇವನು ಬೇರೆ ಯಾರೋ" ಎಂದು ಪುಸ್ತಕ ಮುಚ್ಚಲು ಹೋದರು. ನಾರ್ತಾಂಪ್ಟನ್‌ಶೈರ್ ಆಗ ಬೂಟಿನ ಸೀಮೆ. ಹಳ್ಳಿ ಹಳ್ಳಿಯಲ್ಲೂ ಬೂಟು ಹೊಲಿಯುವವರಿದ್ದರು. ಒಂದೇ ಹೆಸರಿನ ಇಬ್ಬರು ಇದ್ದಿರಬಹುದು ಎಂದು ನನಗೂ ಅನ್ನಿಸಿತು.

ಇಲ್ಲಿ ಒಂದು ಕಾನೂನಿನ ಕಥೆ ತಿಳಿದಿರಬೇಕು. 1830ರ ತನಕ ಹೆಂಡ ಮಾರಲು ಮ್ಯಾಜಿಸ್ಟ್ರೇಟರ ಒಪ್ಪಿಗೆ ಬೇಕಿತ್ತು. ಆ ವರ್ಷ ಬಿಯರ್ ಕಾಯ್ದೆ ಬಂತು. ಊರಿನ ತೆರಿಗೆ ಕಟ್ಟುವ ಯಾವನೇ ಮನೆಯವನು ಎಕ್ಸೈಸ್ ಇಲಾಖೆಗೆ ವರ್ಷಕ್ಕೆ ಎರಡು ಗಿನಿ (ಒಂದು ಗಿನಿ ಅಂದರೆ ಒಂದು ಪೌಂಡಿಗಿಂತ ತುಸು ಹೆಚ್ಚು) ಕಟ್ಟಿದರೆ ಸಾಕು, ತನ್ನ ಮನೆಯಲ್ಲೇ ಬಿಯರ್ ಮಾರಬಹುದು. ಜಿನ್, ಬ್ರಾಂದಿ ಮಾರುವ ಹಾಗಿಲ್ಲ, ಬಿಯರ್ ಮಾತ್ರ. ಜನ ಜಿನ್ ಕುಡಿದು ಹಾಳಾಗುವುದು ತಪ್ಪಲಿ ಎಂಬುದೂ ಒಂದು ಲೆಕ್ಕಾಚಾರವಾಗಿತ್ತು. ಸಾವಿರಾರು ಮನೆಗಳು ರಾತ್ರೋರಾತ್ರಿ ಬಿಯರ್ ಹೌಸ್ ಆದವು. ಕಮ್ಮಾರ, ಬಡಗಿ, ಬೂಟು ಹೊಲಿಯುವವ, ಎಲ್ಲರೂ ಮುಂದಿನ ಕೋಣೆಗೆ ಎರಡು ಬೆಂಚು ಹಾಕಿ ಪೀಪಾಯಿ ಇಟ್ಟರು. ಹಗಲು ಅವರವರ ಕಸುಬು, ಸಂಜೆ ಬಿಯರ್. ಅಂಗಡಿ ನೋಡಿಕೊಳ್ಳುತ್ತಿದ್ದದ್ದು ಎಷ್ಟೋ ಕಡೆ ಹೆಂಡತಿ.

ಡೈರೆಕ್ಟರಿಯವರಿಗೆ ಇಂಥವನು ಬೂಟು ಹೊಲಿಯುವವನಾಗಿಯೇ ಕಾಣುತ್ತಾನೆ. ಹೆಚ್ಚೆಂದರೆ 'ಬಿಯರ್ ರೀಟೇಲರ್' ಎಂದು ಸೇರಿಸುತ್ತಾರೆ. ಅವನ ಅಂಗಡಿಯ ಹೆಸರನ್ನು ಬಹಳ ಸಲ ಹಾಕುವುದಿಲ್ಲ. ಪಬ್‌ಗಳ ಶೀರ್ಷಿಕೆಯ ಕೆಳಗೆ ಅವನು ಬರುವುದೇ ಇಲ್ಲ. ಮನೆಯವರ ಬಾಯಲ್ಲಿ ಮಾತ್ರ ಅದು "ನಮ್ಮ ಪಬ್".

ಹಾಗಾಗಿ ಪುಸ್ತಕ ಮುಚ್ಚಬೇಡಿ ಎಂದೆ. ಮುಂದಿನದನ್ನು ತೆರೆದೆವು. 1870ರ ದಶಕದ್ದು. ಅದೇ ಹೆಸರು, ಬೂಟು ಹೊಲಿಯುವವ, ಅದರ ಪಕ್ಕದಲ್ಲೇ ಬಿಯರ್ ರೀಟೇಲರ್. ಅಜ್ಜ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಆಮೇಲೆ ಎದ್ದು ಹೋಗಿ ಟೀಗೆ ನೀರಿಟ್ಟರು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲಾ ಹುಡುಕುವುದು ಅಂದರೆ ಇದೇ ನೋಡಿ. ಅವರು ಅಷ್ಟೂ ದಿನ ಪಬ್‌ಗಳ ಪಟ್ಟಿಯನ್ನೇ ನೋಡುತ್ತಿದ್ದರು.

ಬಿಯರ್ ಹೌಸ್ ಇರಬಹುದೆಂಬ ಅನುಮಾನ ಬಂದರೆ 1869 ಎಂಬ ವರ್ಷವನ್ನೂ ನೆನಪಿಡಿ. ಆ ವರ್ಷದ ಕಾಯ್ದೆಯಿಂದ ಬಿಯರ್ ಹೌಸ್‌ಗಳು ಮತ್ತೆ ಮ್ಯಾಜಿಸ್ಟ್ರೇಟರ ಕೈಗೆ ಬಂದವು. ಅಲ್ಲಿಂದ ಮುಂದೆ ಕೋರ್ಟಿನ ದಾಖಲೆಯಲ್ಲಿ ಇವರ ಸುಳಿವು ಸಿಗುವ ಸಾಧ್ಯತೆ ಜಾಸ್ತಿ. ಅದಕ್ಕಿಂತ ಹಿಂದಿನ ನಲವತ್ತು ವರ್ಷ ಕತ್ತಲೆ.

ಲಕ್ಷಣ: ಪಬ್ ಇದೆ, ಹೆಸರು ಬೇರೆಯವರದು

ಈಗ ಮನೆಯನ್ನು ಹಿಡಿದುಕೊಳ್ಳಿ ಎಂದೆನಲ್ಲ, ಅದನ್ನು ಮಾಡುವ ಹೊತ್ತು. ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ವರ್ಷ, ಬಲಕ್ಕೆ ಆ ಮನೆಯಲ್ಲಿ ಯಾರಿದ್ದರು ಎಂಬುದು. ಸಿಕ್ಕ ಎಲ್ಲ ಡೈರೆಕ್ಟರಿಯಿಂದಲೂ ತುಂಬಿಸಿ. ಆ ಹೆಸರುಗಳು ನಿಮ್ಮ ವಂಶದವಾಗಿರಬೇಕಿಲ್ಲ, ಸುಮ್ನೆ ಬರೆಯುತ್ತಾ ಹೋಗಿ.

ನಮ್ಮ ಹಾಳೆಯಲ್ಲಿ ಹೀಗೆ ಬಂತು. 1870ರ ದಶಕದಲ್ಲಿ ಅವನು. 1880ರ ದಶಕದ ಪುಸ್ತಕದಲ್ಲಿ ಅದೇ ಸರ್‌ನೇಮ್, ಮುಂದೆ 'ಮಿಸೆಸ್'. ಗಂಡ ಸತ್ತರೆ ಹೆಂಡತಿ ಲೈಸೆನ್ಸ್ ಮುಂದುವರಿಸುವುದು ಆಗ ತೀರಾ ಸಾಮಾನ್ಯ. 1890ರ ದಶಕದಲ್ಲಿ ಪೂರ್ತಿ ಬೇರೆಯದೇ ಹೆಸರು. "ಮಾರಿಬಿಟ್ಟಿರಬೇಕು" ಎಂದರು ಅಜ್ಜ. ಮದುವೆಯ ದಾಖಲೆ ತೆಗೆದು ನೋಡಿದರೆ ಆ ಹೊಸ ಹೆಸರಿನವನು ಆ ಮನೆಯ ಅಳಿಯ. ಮಾವ, ಅತ್ತೆ, ಅಳಿಯ, ಮೂವರೂ ಸೇರಿ ನಡೆಸಿದ್ದು ಮೂವತ್ತಲ್ಲ, ನಲವತ್ತು ವರ್ಷದ ಹತ್ತಿರ. ಮನೆಯವರ ಕಥೆಯಲ್ಲಿ ಮೂವರು ಸೇರಿ ಒಬ್ಬ ಮುತ್ತಜ್ಜ ಆಗಿದ್ದರು. ಮೂವತ್ತು ವರ್ಷ ಎಂದರೆ ಒಂದೇ ಸರ್‌ನೇಮ್ ಎಂದುಕೊಂಡು ನಾವು ಹುಡುಕುತ್ತಿದ್ದೆವು.

ಅಪರಿಚಿತ ಹೆಸರು ಬಂದಾಗ ಮಾರಾಟ ಅಂದುಕೊಳ್ಳುವ ಮೊದಲು ಅಳಿಯ, ವಿಧವೆಯ ಎರಡನೇ ಗಂಡ, ಹೆಂಡತಿಯ ತಮ್ಮ, ಈ ಮೂವರನ್ನು ತಡಕಿ. ಇನ್ನೊಂದು ವಿಷಯ. ಹತ್ತೊಂಬತ್ತನೇ ಶತಮಾನದ ಕೊನೆಗೆ ಎಷ್ಟೋ ಪಬ್‌ಗಳ ಮಾಲೀಕರು ಬ್ರೂವರಿಯವರೇ, ಅಂದರೆ ಬಿಯರ್ ತಯಾರಿಸುವ ಕಂಪನಿಯವರೇ. ಒಳಗಿದ್ದವನು ಬಾಡಿಗೆಯವನು. ವ್ಯಾಪಾರ ಕುಸಿದರೆ ಗಂಟು ಕಟ್ಟಿಕೊಂಡು ಇನ್ನೊಂದು ಪಬ್‌ಗೆ ಹೋಗುತ್ತಿದ್ದ. ಹಾಗಾಗಿ ಒಂದು ಪಬ್‌ನಲ್ಲಿ ಅವನು ಕಾಣೆಯಾದರೆ ಹತ್ತು ಮೈಲಿ ಸುತ್ತಲಿನ ಊರುಗಳ ಪಟ್ಟಿಯನ್ನೂ ಓದಿ.

ಲಕ್ಷಣ: ಸಿಕ್ಕಿದ್ದೇ ಅತಿಯಾಯಿತು

ನಮ್ಮಲ್ಲಿ ಊರಿಗೊಂದು ಉಡುಪಿ ಹೋಟೆಲ್ ಇದ್ದ ಹಾಗೆ ಇಲ್ಲಿ ಊರಿಗೊಂದು ರೆಡ್ ಲಯನ್ ಎಂಬ ಪಬ್. ರಾಯಲ್ ಓಕ್, ಕ್ರೌನ್, ವೈಟ್ ಹಾರ್ಟ್ ಕೂಡ ಹಾಗೆಯೇ. ಪಬ್‌ನ ಹೆಸರೊಂದನ್ನೇ ನಂಬಿ ಹೊರಟರೆ ದಾರಿ ತಪ್ಪುವುದು ಖಂಡಿತ.

ಹಳ್ಳಿಯಲ್ಲಿ ಹೇಗೋ ಸುಧಾರಿಸಬಹುದು. ಲಂಡನ್ ಮಾತ್ರ ತಲೆನೋವು. 1855ರ ನಂತರ ಅಲ್ಲಿ ಬೀದಿಗಳ ಹೆಸರನ್ನೂ ಮನೆ ನಂಬರನ್ನೂ ಹಂತ ಹಂತವಾಗಿ ಬದಲಿಸುತ್ತಾ ಹೋದರು. ನಿನ್ನೆ 14 ಇದ್ದದ್ದು ಇವತ್ತು 37. ಪಬ್ ಒಂದಿಂಚೂ ಅಲುಗಾಡಿಲ್ಲ, ವಿಳಾಸ ಮಾತ್ರ ಬೇರೆ. ಎರಡು ಪುಸ್ತಕದಲ್ಲಿ ಎರಡು ನಂಬರ್ ನೋಡಿ ಎರಡು ಪಬ್ ಅಂದುಕೊಂಡವರನ್ನು ನಾನೇ ಕಂಡಿದ್ದೇನೆ.

ಇದಕ್ಕೆ ಕೆಲ್ಲಿಯ ಲಂಡನ್ ಡೈರೆಕ್ಟರಿಯಲ್ಲೇ ಮದ್ದಿದೆ. ಅದರಲ್ಲಿ ಬೀದಿವಾರು ಭಾಗ ಎಂದೇ ಒಂದಿದೆ. ಬೀದಿಯ ಒಂದು ತುದಿಯಿಂದ ಮನೆ ಮನೆ ಹೆಸರಿಸುತ್ತಾ ಹೋಗುತ್ತಾರೆ. ಅಡ್ಡರಸ್ತೆ ಬಂದಾಗ ಚುಕ್ಕಿಗಳ ಸಾಲು ಹಾಕಿ "ಇಲ್ಲಿ ಇಂಥ ಬೀದಿ" ಎಂದು ಬರೆಯುತ್ತಾರೆ. ಪುಸ್ತಕ ಹಿಡಿದು ಆ ಬೀದಿಯಲ್ಲಿ ನಡೆದುಹೋದ ಹಾಗೇ ಇರುತ್ತದೆ. ನಂಬರ್ ಮರೆತುಬಿಡಿ. ನಿಮ್ಮ ಪಬ್ ಯಾವ ಎರಡು ಅಡ್ಡರಸ್ತೆಗಳ ನಡುವೆ ಇದೆ, ಅಕ್ಕಪಕ್ಕ ಯಾವ ಅಂಗಡಿ ಇದೆ, ಅದನ್ನು ಬರೆದುಕೊಳ್ಳಿ. ನಂಬರ್ ಬದಲಾದ ವರ್ಷದ ಪುಸ್ತಕದಲ್ಲಿ ಅದೇ ಬೇಕರಿ, ಅದೇ ಮೂಲೆ ಕಾಣಿಸಿದರೆ ಅದೇ ಪಬ್.

ಜೊತೆಗೆ ನಕ್ಷೆ ಇಟ್ಟುಕೊಳ್ಳಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಲೈಬ್ರರಿ ಹಳೆಯ ಆರ್ಡ್‌ನೆನ್ಸ್ ಸರ್ವೆ (ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆಗಳನ್ನು ಉಚಿತವಾಗಿ ತೋರಿಸುತ್ತದೆ, ಇಂಗ್ಲೆಂಡಿನವೂ ಇವೆ. ಮೈಲಿಗೆ 25 ಇಂಚಿನ ನಕ್ಷೆಯಲ್ಲಿ ಒಂದೊಂದು ಮನೆಯೂ ಕಾಣುತ್ತದೆ. ಪಬ್ ಇದ್ದಲ್ಲಿ 'ಪಿ.ಎಚ್.', ಬಿಯರ್ ಹೌಸ್ ಇದ್ದಲ್ಲಿ 'ಬಿ.ಎಚ್.' ಎಂದು ಗುರುತು.

ಲಕ್ಷಣ: ಡೈರೆಕ್ಟರಿ ಒಂದು ಹೇಳುತ್ತದೆ, ಜನಗಣತಿ ಇನ್ನೊಂದು

1881ರ ಜನಗಣತಿ ನಡೆದದ್ದು ಏಪ್ರಿಲ್ 3ರ ರಾತ್ರಿ. ಆ ರಾತ್ರಿ ಮನೆಯಲ್ಲಿ ಯಾರು ಮಲಗಿದ್ದರೋ ಅವರ ಲೆಕ್ಕ. ಡೈರೆಕ್ಟರಿಯ ಸುದ್ದಿ ಅದಕ್ಕಿಂತ ಹಿಂದಿನದೋ ಮುಂದಿನದೋ ಇರುತ್ತದೆ. ಎರಡೂ ಹೊಂದದಿದ್ದರೆ ನಾನು ಜನಗಣತಿಯನ್ನೇ ನಂಬುತ್ತೇನೆ. ಡೈರೆಕ್ಟರಿಯವರು ಕೆಲವೊಮ್ಮೆ ಹಳೇ ಪುಸ್ತಕದ ಸಾಲನ್ನೇ ಮತ್ತೆ ಅಚ್ಚು ಹಾಕಿಬಿಡುತ್ತಿದ್ದರು. ಸತ್ತವರೂ ಒಂದೆರಡು ವರ್ಷ ವ್ಯಾಪಾರ ನಡೆಸುತ್ತಾರೆ ಅಲ್ಲಿ!

ಜನಗಣತಿಯಲ್ಲಿ ಕಸುಬಿನ ಕಾಲಂ ಬಿಡದೆ ಓದಿ. ಕುದುರೆ ನೋಡಿಕೊಳ್ಳುವವ, ಲೋಟ ಎತ್ತುವ ಆಳು, ಬಾರ್‌ಮನ್ ಎಂದು ಬರೆದಿದ್ದರೆ ನಿಮ್ಮ ಮುತ್ತಜ್ಜ ಪಬ್‌ನಲ್ಲಿ ಇದ್ದದ್ದು ನಿಜ, ಪಬ್ ಅವನದಲ್ಲ. ಮೂರು ತಲೆಮಾರಿನ ಬಾಯಿಂದ ಬಾಯಿಗೆ ಬರುವಾಗ ಆಳು ಯಜಮಾನನಾಗುವುದು ಹೊಸದೇನಲ್ಲ. ಇದನ್ನು ಮನೆಯ ಹಿರಿಯರಿಗೆ ಹೇಳುವಾಗ ಸ್ವಲ್ಪ ಮೆತ್ತಗೆ ಹೇಳಿ.

ಡೈರೆಕ್ಟರಿ ಕೈಕೊಟ್ಟಾಗ

1753ರಿಂದ 1828ರ ನಡುವೆ ಲೈಸೆನ್ಸ್ ಪಡೆದವರ ಪಟ್ಟಿಯನ್ನು ಕೌಂಟಿಯ ಅಧಿಕಾರಿ ಇಡಬೇಕಿತ್ತು. ಉಳಿದಿರುವವು ಕೌಂಟಿ ದಾಖಲೆ ಕಚೇರಿಗಳಲ್ಲಿವೆ. 1828ರ ನಂತರ ಆ ಕಡ್ಡಾಯ ಹೋಯಿತು. 1872ರ ಕಾಯ್ದೆಯ ನಂತರ ಮತ್ತೆ ರಿಜಿಸ್ಟರ್ ಬಂತು. ನಡುವಿನ ಕಾಲಕ್ಕೆ ಊರಿನ ಪತ್ರಿಕೆಯೇ ಗತಿ. ಲೈಸೆನ್ಸ್ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾದ ಸುದ್ದಿ ಮ್ಯಾಜಿಸ್ಟ್ರೇಟರ ಸಭೆಯ ವರದಿಯಲ್ಲಿ ಒಂದೆರಡು ಸಾಲಿನಲ್ಲಿ ಬರುತ್ತಿತ್ತು. ದಿವಾಳಿಯಾಗಿದ್ದರೆ ಸರ್ಕಾರಿ ಪ್ರಕಟಣೆಗಳ ಪತ್ರಿಕೆಯಾದ ಲಂಡನ್ ಗೆಜೆಟ್ ನೋಡಿ. ವಿಲ್ ಬರೆದಿದ್ದರೆ 1858ರಿಂದ ಮುಂದಿನವಕ್ಕೆ ಇಡೀ ದೇಶಕ್ಕೆ ಒಂದೇ ಸೂಚಿ ಇದೆ. ಲಂಡನ್ನಿನ ಪಬ್ ಆದರೆ ಓಲ್ಡ್ ಬೇಲಿ ಕೋರ್ಟಿನ 1674ರಿಂದ 1913ರವರೆಗಿನ ವಿಚಾರಣೆಗಳು ಆನ್‌ಲೈನ್‌ನಲ್ಲಿವೆ. ಕಳ್ಳ ಸಿಕ್ಕಿಬಿದ್ದದ್ದು ಪಬ್‌ನಲ್ಲಾದರೆ ಸಾಕ್ಷಿ ಹೇಳುವವನು ಪಬ್‌ನವನೇ ತಾನೇ? ಅವನ ಮಾತು ಅವನ ಬಾಯಲ್ಲೇ ಸಿಗುವುದು ಇಲ್ಲಿ.

ನಮ್ಮ ಕೇಸಿನಲ್ಲಿ ಒಂದು ದೋಷ ಇನ್ನೂ ಉಳಿದಿದೆ. ಆ ಹಳ್ಳಿಯಲ್ಲಿ ಬಿಯರ್ ರೀಟೇಲರ್ ಇಬ್ಬರಿದ್ದರು. ನಕ್ಷೆಯಲ್ಲೂ 'ಬಿ.ಎಚ್.' ಎರಡು ಕಡೆ ಇದೆ. ಕೆಲ್ಲಿ ಇಬ್ಬರ ಅಂಗಡಿಯ ಹೆಸರನ್ನೂ ಹಾಕಿಲ್ಲ. ಹೋದ ಬೇಸಿಗೆಯಲ್ಲಿ ಹೋಗಿ ನೋಡಿ ಬಂದೆವು. ಎರಡೂ ಈಗ ವಾಸದ ಮನೆಗಳು. ಒಂದರ ಗೋಡೆಯ ಮೇಲೆ ಬೋರ್ಡು ತೂಗುಹಾಕುವ ಕಬ್ಬಿಣದ ಕೊಕ್ಕೆ ಹಾಗೇ ಇದೆ. ಅದೇ ಇರಲಿ ಎಂದು ಅಜ್ಜನ ಆಸೆ. ಆಸೆ ಸಾಕ್ಷಿಯಲ್ಲವಲ್ಲ.

ಇದಕ್ಕೆ ಉಳಿದಿರುವುದು 1910ರ ಹೊಸ ಭೂ ತೆರಿಗೆಗಾಗಿ ನಡೆದ ಮನೆ ಮನೆ ಸರ್ವೆ. ಯಾವ ಕಟ್ಟಡದ ಮಾಲೀಕ ಯಾರು, ವಾಸವಿದ್ದವರು ಯಾರು, ಕೋಣೆ ಎಷ್ಟು, ಎಲ್ಲವನ್ನೂ ಪುಸ್ತಕದಲ್ಲಿ ಬರೆದು ನಕ್ಷೆಯ ಮೇಲೆ ನಂಬರ್ ಹಾಕಿದ್ದಾರೆ. ಅಳಿಯ ಆಗ ಇನ್ನೂ ಅಲ್ಲೇ ಇದ್ದ. ಆ ಪುಸ್ತಕಗಳಿರುವುದು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ. ಮುಂದಿನ ತಿಂಗಳು ಹೋಗುತ್ತಿದ್ದೇವೆ. ಓದುವ ಕೋಣೆಗೆ ಪೆನ್ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಅಜ್ಜ ಆಗಲೇ ಮೂರು ಪೆನ್ಸಿಲ್ ಚೂಪು ಮಾಡಿಟ್ಟುಕೊಂಡಿದ್ದಾರೆ.